ಹತ್ತು ಅಂಗಿ ತೊಟ್ಟವನು

ಹಳೆಯ ಫುಟ್‌ಬಾಲ್ ಪಂದ್ಯಗಳ ತಂಡದ ಪಟ್ಟಿ ಓದುವುದು ನನಗೆ ಬಲು ಇಷ್ಟ. ಯಾರು ಗೆದ್ದರು, ಯಾರು ಗೋಲು ಹೊಡೆದರು ಎಂಬುದು ಆಮೇಲಿನ ಮಾತು. ಮೊದಲು ಒಂದರ ಕೆಳಗೊಂದು ಕೂತ ಆ ಹನ್ನೊಂದು ಹೆಸರು. ರಾತ್ರಿ ಊಟ ಮುಗಿದು ನಿದ್ದೆ ಬರುವವರೆಗಿನ ಹೊತ್ತಿನಲ್ಲಿ ಪಂಚಾಂಗ ತಿರುವಿದಂತೆ ಅವನ್ನು ತಿರುವುತ್ತೇನೆ. 1960, 70ರ ದಶಕಗಳ ಇಂಗ್ಲೆಂಡಿನ ಪಟ್ಟಿಗಳಿಗೆ ಬೇರೆಯದೇ ರುಚಿ. ಆಗ ಬೆನ್ನಿನ ಮೇಲಿನ ಸಂಖ್ಯೆ ಆಟಗಾರನದಲ್ಲ, ಜಾಗದ್ದು. ಒಂದು ಎಂದರೆ ಗೋಲ್‌ಕೀಪರ್. ಎರಡು ರೈಟ್ ಬ್ಯಾಕ್, ಮೂರು ಲೆಫ್ಟ್ ಬ್ಯಾಕ್, ಐದು ಸೆಂಟರ್ ಹಾಫ್, ಒಂಬತ್ತು ಸೆಂಟರ್ ಫಾರ್ವರ್ಡ್. ಸಂಖ್ಯೆ ಹೇಳಿದರೆ ಆತ ಮೈದಾನದ ಯಾವ ಕಡೆ ನಿಂತಿದ್ದಾನೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. 1993ರಲ್ಲಿ ಪ್ರೀಮಿಯರ್ ಲೀಗ್ ಒಬ್ಬೊಬ್ಬನಿಗೆ ಇಡೀ ಋತುವಿಗೆ ಒಂದೇ ಸಂಖ್ಯೆ, ಬೆನ್ನಿಗೆ ಹೆಸರು ಎಂದು ನಿಯಮ ಮಾಡಿದ ಮೇಲೆ ಆ ನಂಟು ಸಡಿಲವಾಯಿತು.

ಈ ಪಟ್ಟಿಗಳಲ್ಲಿ ನನಗೆ ಬಾಯಿಪಾಠವಾಗಿರುವುದು ಡಾನ್ ರೆವಿ ಕಟ್ಟಿದ ಲೀಡ್ಸ್ ಯುನೈಟೆಡ್ ತಂಡದ್ದು. ಸ್ಪ್ರೇಕ್, ರೀನಿ, ಕೂಪರ್, ಬ್ರೆಮ್ನರ್, ಚಾರ್ಲ್‌ಟನ್, ಹಂಟರ್, ಲಾರಿಮರ್, ಕ್ಲಾರ್ಕ್, ಜೋನ್ಸ್, ಜೈಲ್ಸ್, ಗ್ರೇ. ಹೇಳುತ್ತ ಹೋದರೆ ಮಗ್ಗಿಯ ಲಯ ತಾನಾಗಿಯೇ ಬರುತ್ತದೆ. ಆ ಊರಿನ ಹಳೆಯ ಅಭಿಮಾನಿಗಳಿಗೂ ಈ ಸರಣಿ ನಾಲಿಗೆಯ ತುದಿಯಲ್ಲಿದೆ. ಹನ್ನೊಂದೂ ಭರ್ತಿ; ಎಲ್ಲಿಯೂ ಸಂದಿಲ್ಲ. ಆದರೆ ಅದೇ ವರ್ಷಗಳ ನಿಜವಾದ ಪಂದ್ಯಗಳ ಪಟ್ಟಿ ತೆಗೆದು ನೋಡಿದಾಗೆಲ್ಲ ಈ ಸರಣಿಯಲ್ಲಿಲ್ಲದ ಒಂದು ಹೆಸರು ಅಡ್ಡ ಬರುತ್ತಿತ್ತು. ಮೇಡ್ಲಿ. ಒಮ್ಮೆ ಮೇಲೆ, ಒಮ್ಮೆ ನಡುವೆ, ಒಮ್ಮೆ ಕೆಳಗೆ. ಮೊದಮೊದಲು ಅಚ್ಚಿನ ತಪ್ಪೋ, ಒಂದೇ ಹೆಸರಿನ ಇಬ್ಬರು ಮೂವರೋ ಎಂದುಕೊಂಡಿದ್ದೆ.

ಒಂದು ದಿನ ಪೆನ್ನು ಹಿಡಿದು 1968ರಿಂದ 1973ರವರೆಗೆ ಲೀಡ್ಸ್ ವೆಂಬ್ಲಿಯಲ್ಲಿ ಆಡಿದ ನಾಲ್ಕು ದೊಡ್ಡ ಫೈನಲ್‌ಗಳನ್ನು ಸಾಲಾಗಿ ಬರೆದುಕೊಂಡೆ. 1968ರ ಮಾರ್ಚ್, ಆರ್ಸೆನಲ್ ವಿರುದ್ಧ ಲೀಗ್ ಕಪ್: ಮೇಡ್ಲಿ ಒಂಬತ್ತು. 1970ರ ಏಪ್ರಿಲ್, ಚೆಲ್ಸಿ ವಿರುದ್ಧ ಎಫ್‌ಎ ಕಪ್: ಮೇಡ್ಲಿ ಎರಡು. 1972ರ ಮೇ, ಮತ್ತೆ ಆರ್ಸೆನಲ್, ಎಫ್‌ಎ ಕಪ್ಪಿನ ಶತಮಾನೋತ್ಸವದ ಫೈನಲ್: ಮೇಡ್ಲಿ ಮೂರು. 1973ರ ಮೇ, ಸಂಡರ್‌ಲೆಂಡ್ ವಿರುದ್ಧ: ಮೇಡ್ಲಿ ಐದು. ಆರು ಋತು, ನಾಲ್ಕು ಫೈನಲ್, ನಾಲ್ಕು ಸಂಖ್ಯೆ, ಒಬ್ಬನೇ ಮನುಷ್ಯ. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಪಾಲ್ ಮೇಡ್ಲಿ ಹುಟ್ಟಿದ್ದು 1944ರ ಸೆಪ್ಟೆಂಬರಿನಲ್ಲಿ, ಲೀಡ್ಸಿನ ಬೀಸ್ಟನ್ನಿನಲ್ಲಿ. ಕ್ಲಬ್ಬಿನ ಮೈದಾನವಾದ ಎಲ್ಲಂಡ್ ರೋಡ್ ಇರುವುದೂ ಅದೇ ಭಾಗದಲ್ಲಿ. 1964ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮೊದಲ ಪಂದ್ಯ, 1980ರಲ್ಲಿ ನಿವೃತ್ತಿ. ನಡುವೆ ಇನ್ನೊಂದು ಕ್ಲಬ್ಬಿನ ಅಂಗಿಯನ್ನು ಮೈಗೆ ಹಾಕಲಿಲ್ಲ. ಲೀಗ್ ಪಂದ್ಯಗಳೇ 536. ಕಪ್ಪು, ಯುರೋಪು ಎಲ್ಲ ಸೇರಿದರೆ ಏಳುನೂರು ದಾಟುತ್ತದೆ. ಕರೆಯುವುದು ಡಿಫೆಂಡರ್ ಎಂದು. ಆದರೆ ಗೋಲ್‌ಕೀಪರನ ಅಂಗಿಯೊಂದನ್ನು ಬಿಟ್ಟು ಎರಡರಿಂದ ಹನ್ನೊಂದರವರೆಗಿನ ಹತ್ತೂ ಅಂಗಿಗಳನ್ನು ಅವನು ತೊಟ್ಟಿದ್ದ.

ಇಂಥವನೊಬ್ಬ ತಂಡದಲ್ಲಿದ್ದರೆ ಅಂದಿನ ಕಾಲಕ್ಕೆ ಅದೆಂಥ ಬಲ ಎಂಬುದು ಈಗಿನವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಇಂಗ್ಲಿಷ್ ಲೀಗಿನಲ್ಲಿ ಬದಲಿ ಆಟಗಾರನಿಗೆ ಅವಕಾಶ ಸಿಕ್ಕಿದ್ದೇ 1965ರಲ್ಲಿ; ಅದೂ ಒಬ್ಬನಿಗೆ ಮಾತ್ರ, ಮೊದಲೆರಡು ವರ್ಷ ಯಾರಿಗಾದರೂ ಪೆಟ್ಟಾದರೆ ಮಾತ್ರ. ಇಂದಿನ ಹಾಗೆ ಬೆಂಚಿನ ತುಂಬ ಜನರಿರಲಿಲ್ಲ. ಚಳಿಗಾಲದ ಮೈದಾನವೋ ಉತ್ತ ಗದ್ದೆಯೇ ಸರಿ. ಎದುರಾಳಿಯ ಕಾಲಿಗೆ ಬೀಳುವ ಒದೆತಗಳನ್ನು ರೆಫರಿಗಳು ಇಂದಿನಷ್ಟು ಕಟ್ಟುನಿಟ್ಟಾಗಿ ಎಣಿಸುತ್ತಿರಲಿಲ್ಲ. ಆಟಗಾರರು ಮುರಿಯುತ್ತಿದ್ದರು, ಮುರಿದ ಜಾಗವನ್ನು ಯಾರಾದರೂ ತುಂಬಲೇಬೇಕಿತ್ತು.

ನನ್ನ ಆ ನಾಲ್ಕು ಸಾಲುಗಳ ಹಿಂದಿನ ಕಥೆಯೂ ಅದೇ. 1968ರಲ್ಲಿ ಅವನು ಒಂಬತ್ತರ ಅಂಗಿ ತೊಟ್ಟದ್ದು ಏಕೆಂದರೆ ಮಿಕ್ ಜೋನ್ಸ್ ಅದೇ ಋತುವಿನಲ್ಲಿ ಬೇರೆ ಕ್ಲಬ್ಬಿನಿಂದ ಬಂದವನು, ಆ ಕಪ್ಪಿನಲ್ಲಿ ಲೀಡ್ಸ್ ಪರ ಆಡುವಂತಿರಲಿಲ್ಲ. ಡಿಫೆಂಡರನೊಬ್ಬ ವೆಂಬ್ಲಿಯ ಫೈನಲ್ಲಿನಲ್ಲಿ ಸೆಂಟರ್ ಫಾರ್ವರ್ಡ್! ಟೆರ್ರಿ ಕೂಪರ್ ಹೊಡೆದ ಒಂದೇ ಗೋಲಿನಿಂದ ಲೀಡ್ಸ್ ಗೆದ್ದಿತು. ಕ್ಲಬ್ಬಿನ ಚರಿತ್ರೆಯ ಮೊದಲ ದೊಡ್ಡ ಕಪ್ಪು ಅದು. 1970ರಲ್ಲಿ ಫೈನಲ್ಲಿಗೆ ಕೆಲವೇ ದಿನ ಮೊದಲು ಪಾಲ್ ರೀನಿ ಕಾಲು ಮುರಿದುಕೊಂಡ, ಮೇಡ್ಲಿ ರೈಟ್ ಬ್ಯಾಕ್ ಆದ. 1972ರ ಏಪ್ರಿಲಿನಲ್ಲಿ ಟೆರ್ರಿ ಕೂಪರ್ ಕಾಲು ಮುರಿದುಕೊಂಡ, ಮೇಡ್ಲಿ ಲೆಫ್ಟ್ ಬ್ಯಾಕ್ ಆದ. 1973ರಲ್ಲಿ ವಯಸ್ಸಾದ ಜ್ಯಾಕ್ ಚಾರ್ಲ್‌ಟನ್ ಫೈನಲ್ಲಿಗೆ ಇರಲಿಲ್ಲ, ಮೇಡ್ಲಿ ಸೆಂಟರ್ ಹಾಫ್ ಆದ. ಪ್ರತಿ ಬಾರಿಯೂ ಅವನ ಪಾಲಿಗೆ ಬಂದದ್ದು ಇನ್ನೊಬ್ಬರ ದುರದೃಷ್ಟ ತೆರವು ಮಾಡಿದ ಜಾಗ. ಗೆಳೆಯನೊಬ್ಬ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವಾಗ ಅವನ ಸಂಖ್ಯೆಯನ್ನು ಬೆನ್ನಿಗೆ ಹೊತ್ತು, ಇಡೀ ನಾಡಿನ ಎದುರು, ಅವನಿಲ್ಲದ ಕೊರತೆ ಕಾಣದ ಹಾಗೆ ಆಡುವುದು ಹಗುರವಾದ ಕೆಲಸವಲ್ಲ.

ಸಂಡರ್‌ಲೆಂಡ್ ಫೈನಲ್ಲಿನ ಬಗ್ಗೆ ಹೆಚ್ಚು ಹೇಳಲಾರೆ. ಎರಡನೇ ಡಿವಿಷನ್ನಿನ ತಂಡ, ಇಯಾನ್ ಪೋರ್ಟರ್‌ಫೀಲ್ಡನ ಒಂದು ಗೋಲು, ಲೀಡ್ಸಿಗೆ ಸೋಲು. ನೋಡಿದರೆ ಈಗಲೂ ಸಂಕಟವಾಗುತ್ತದೆ.

1972ರದ್ದನ್ನು ಮಾತ್ರ ಎಷ್ಟು ಸಲ ನೋಡಿದರೂ ದಣಿವಿಲ್ಲ. ಮಿಕ್ ಜೋನ್ಸ್ ಬಲಗಡೆಯಿಂದ ಎತ್ತಿಕೊಟ್ಟ ಚೆಂಡಿಗೆ ಅಲನ್ ಕ್ಲಾರ್ಕ್ ಮುಂದಕ್ಕೆ ಹಾರಿ ತಲೆ ಕೊಟ್ಟ ಆ ಗೋಲು. ಪಂದ್ಯದ ಕೊನೆಯಲ್ಲಿ ಮೊಣಕೈ ಕೀಲು ತಪ್ಪಿಸಿಕೊಂಡ ಅದೇ ಜೋನ್ಸನನ್ನು ನಾರ್ಮನ್ ಹಂಟರ್ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿಸಿದ ನೋಟ. ನಾರ್ಮನ್ ನಿಮ್ಮ ಕಾಲು ಕಚ್ಚುತ್ತಾನೆ ಎಂದು ಅಭಿಮಾನಿಗಳು ಬಟ್ಟೆಯ ಮೇಲೆ ಬರೆದು ಹಿಡಿದದ್ದೂ ಅಂದೇ. ಕಾಲು ಕಚ್ಚುವವನ ಕೈ ಅಷ್ಟು ಮೆತ್ತಗಿತ್ತು. ಇಷ್ಟೆಲ್ಲದರ ನಡುವೆ ನನ್ನ ಕಣ್ಣು ಹುಡುಕುವುದು ಮೂರನೇ ಸಂಖ್ಯೆಯನ್ನು. ನೆಟ್ಟಗಿನ ಎತ್ತರದ ಆಳು. ಹೆಜ್ಜೆ ಉದ್ದ, ಅವಸರವಿಲ್ಲ. ಬಲಗಾಲಿನವನಾದರೂ ಎಡಗಡೆ ನಿಂತದ್ದು ಎಲ್ಲಿಯೂ ತೊಡಕಾಗಿ ತೋರುವುದಿಲ್ಲ. ಓಡುವ ಆ ನಯಕ್ಕೆ ಅವನನ್ನು ರೋಲ್ಸ್ ರಾಯ್ಸ್ ಎಂದು ಕರೆಯುತ್ತಿದ್ದರಂತೆ. ಎಂಜಿನ್ ಸದ್ದು ಕೇಳದ ಕಾರು. ಒರಟುತನಕ್ಕೆ ಹೆಸರಾಗಿ, ಊರೂರಿನ ಬೈಗುಳ ತಿಂದ ತಂಡದಲ್ಲಿ ಹೀಗೊಬ್ಬ ಸೌಮ್ಯ ಹದಿನಾರು ವರ್ಷ ಆಡಿದ ಎಂಬುದೇ ನನಗೆ ಆ ತಂಡದ ಮೇಲೆ ಪ್ರೀತಿ ಹುಟ್ಟಿಸಿದ ಮೊದಲ ಕಾರಣ.

ಇನ್ನೊಂದು ರಾತ್ರಿ ಇದೆ, ಟ್ಯೂರಿನ್ನಿನದು. 1971ರ ಮೇ ತಿಂಗಳು, ಫೇರ್ಸ್ ಕಪ್ ಫೈನಲ್ಲಿನ ಮೊದಲ ಪಂದ್ಯ, ಎದುರಾಳಿ ಯುವೆಂಟಸ್. 26ರಂದು ಮಳೆ ಎಂಥದ್ದು ಬಂತೆಂದರೆ ಆಟವನ್ನು ನಡುವೆಯೇ ಕೈಬಿಡಬೇಕಾಯಿತು. ಎರಡು ದಿನ ಬಿಟ್ಟು ಮತ್ತೆ ಮೊದಲಿನಿಂದ. ಬೆಟ್ಟೆಗಾ ಯುವೆಂಟಸ್ಸಿಗೆ ಗೋಲು ಹೊಡೆದ. ವಿರಾಮದ ಬೆನ್ನಿಗೇ ಅದನ್ನು ಸರಿಗಟ್ಟಿದವನು ಮೇಡ್ಲಿ. ಕಪೆಲ್ಲೊ ಮತ್ತೆ ಮುಂದೆ ಒಯ್ದ, ಮಿಕ್ ಬೇಟ್ಸ್ ಮತ್ತೆ ಸಮ ಮಾಡಿದ. 2–2. ಲೀಡ್ಸಿನಲ್ಲಿ ನಡೆದ ಎರಡನೆಯ ಪಂದ್ಯ 1–1. ಎದುರಾಳಿಯ ಊರಿನಲ್ಲಿ ಹೆಚ್ಚು ಗೋಲು ಹೊಡೆದ ಲೆಕ್ಕದಲ್ಲಿ ಕಪ್ಪು ಲೀಡ್ಸಿಗೆ ಬಂತು. ಲೀಗಿನ 536 ಪಂದ್ಯಗಳಲ್ಲಿ ಅವನು ಹೊಡೆದದ್ದು 25 ಗೋಲು. ಅಂಥವನ ಕಾಲಿನಿಂದ ಬಂದ ಆ ಒಂದು ಗೋಲಿಲ್ಲದಿದ್ದರೆ ಆ ಕಪ್ಪಿಲ್ಲ. ಎಣಿಸಿ ನೋಡಿದವರಿಗಷ್ಟೇ ಸಿಗುವ ಸಂತೋಷ ಇದು.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. 1970ರ ಆ ವಸಂತದಲ್ಲಿ ಲೀಡ್ಸ್ ಮೂರು ಗುರಿಗಳ ಬೆನ್ನು ಹತ್ತಿತ್ತು: ಲೀಗ್, ಎಫ್‌ಎ ಕಪ್, ಯುರೋಪಿಯನ್ ಕಪ್. ಮೆಕ್ಸಿಕೊ ವಿಶ್ವಕಪ್ಪಿಗಾಗಿ ಇಂಗ್ಲೆಂಡಿನ ಋತುವನ್ನು ಬೇಗ ಮುಗಿಸಬೇಕಿದ್ದುದರಿಂದ ಪಂದ್ಯದ ಮೇಲೆ ಪಂದ್ಯ. ಎಫ್‌ಎ ಕಪ್ಪಿನ ಸೆಮಿಫೈನಲ್ ಒಂದೇ ಮೂರು ಸಲ ಆಡಿದ ಮೇಲೆ ತೀರ್ಮಾನವಾಯಿತು. ಫೈನಲ್ ವೆಂಬ್ಲಿಯಲ್ಲಿ 2–2 ಆಗಿ ಓಲ್ಡ್ ಟ್ರಾಫರ್ಡಿನಲ್ಲಿ ಮತ್ತೆ ಆಡಿ ಸೋತರು. ಲೀಗ್ ಎವರ್ಟನ್ ಪಾಲಾಯಿತು. ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಎದುರು ಸೆಲ್ಟಿಕ್ ತಂಡಕ್ಕೆ ಸೋತು ಯುರೋಪೂ ಕೈ ಬಿಟ್ಟಿತು. ಮೂರೂ ಹೋದವು.

ರೀನಿ ಮುರಿದುಕೊಂಡ ಕಾಲು ಅವನ ವಿಶ್ವಕಪ್ಪನ್ನೂ ಮುರಿದಿತ್ತು. ಆ ಜಾಗಕ್ಕೆ ಇಂಗ್ಲೆಂಡಿನ ಮ್ಯಾನೇಜರ್ ಆಲ್ಫ್ ರ‍್ಯಾಮ್ಸಿ ಕರೆ ಕಳಿಸಿದ್ದು ಮೇಡ್ಲಿಗೆ. ಅಲ್ಲಿಯವರೆಗೆ ದೇಶದ ಪರವಾಗಿ ಒಂದು ಪಂದ್ಯವನ್ನೂ ಆಡದವನಿಗೆ ವಿಶ್ವಚಾಂಪಿಯನ್ನರ ತಂಡದಿಂದ ಕರೆ. ಅವನು ಬರಲಾರೆ ಎಂದ. ದಣಿದಿದ್ದೇನೆ ಎಂದ.

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ವಿಶ್ವಕಪ್ಪನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? ಆಮೇಲೆ ಆ ಏಪ್ರಿಲ್ ತಿಂಗಳ ಪಂದ್ಯಗಳನ್ನು ದಿನಾಂಕ ಸಮೇತ ಬರೆದು ನೋಡಿದೆ. ಬರೆಯುವಷ್ಟರಲ್ಲೇ ನನಗೆ ಸುಸ್ತಾಯಿತು. ಯಾರು ಬೀಳುತ್ತಾರೋ ಅವರ ಜಾಗಕ್ಕೆ ಓಡಬೇಕಾದವನಿಗೆ ಬಿಡುವು ಎಲ್ಲಿಂದ ಬರಬೇಕು? ಕರೆದಲ್ಲೆಲ್ಲ ಹೋದವನು, ಕೊಟ್ಟ ಅಂಗಿಯನ್ನೆಲ್ಲ ತೊಟ್ಟವನು, ತನ್ನ ಮೈಯ ಮಾತು ಕೇಳಿ ಒಮ್ಮೆ ಒಲ್ಲೆ ಎಂದ. ಈಗ ಆ ನಿರಾಕರಣೆಯ ಮೇಲೆ ನನಗೆ ಗೌರವವಿದೆ. ಬೇಸರವೂ ಹೋಗಿಲ್ಲ. ಏಕೆಂದರೆ ವಿಶ್ವಕಪ್ಪಿನ ಆ ಬಾಗಿಲು ಮತ್ತೆ ತೆರೆಯಲಿಲ್ಲ. 1971ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಅವನು ಇಂಗ್ಲೆಂಡಿನ ಅಂಗಿ ತೊಟ್ಟ. 1977ರವರೆಗೆ 24 ಪಂದ್ಯ ಆಡಿದ. 1973ರ ಅಕ್ಟೋಬರ್ 17ರಂದು ಪೋಲೆಂಡ್ ವಿರುದ್ಧ ವೆಂಬ್ಲಿಯಲ್ಲಿ 1–1 ಆಗಿ ಇಂಗ್ಲೆಂಡ್ ವಿಶ್ವಕಪ್ಪಿನಿಂದ ಹೊರಬಿದ್ದ ಆ ರಾತ್ರಿ ರೈಟ್ ಬ್ಯಾಕ್ ಆಗಿದ್ದವನು ಅವನೇ. 1978ಕ್ಕೂ ಇಂಗ್ಲೆಂಡ್ ಅರ್ಹತೆ ಪಡೆಯಲಿಲ್ಲ. ಹಾಗಾಗಿ ಎರಡು ಲೀಗ್, ಒಂದು ಎಫ್‌ಎ ಕಪ್, ಒಂದು ಲೀಗ್ ಕಪ್, ಎರಡು ಫೇರ್ಸ್ ಕಪ್ ಗೆದ್ದ ಈ ಆಟಗಾರನ ಹೆಸರು ಯಾವ ವಿಶ್ವಕಪ್ಪಿನ ಪಟ್ಟಿಯಲ್ಲಿಯೂ ಸಿಗುವುದಿಲ್ಲ.

1974ರಲ್ಲಿ ರೆವಿ ಇಂಗ್ಲೆಂಡ್ ತಂಡಕ್ಕೆ ಮ್ಯಾನೇಜರ್ ಆಗಿ ಹೋದ. ಅವನ ಜಾಗಕ್ಕೆ ಬ್ರಯನ್ ಕ್ಲಫ್ ಬಂದು 44 ದಿನಗಳಲ್ಲಿ ಹೋದ. ಜಿಮ್ಮಿ ಆರ್ಮ್‌ಫೀಲ್ಡ್ ಬಂದ. ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ ಬಾಯರ್ನ್ ಮ್ಯೂನಿಕ್ ವಿರುದ್ಧ ಯುರೋಪಿಯನ್ ಕಪ್ ಫೈನಲ್; ಐದನೇ ಸಂಖ್ಯೆಯಲ್ಲಿ ಮೇಡ್ಲಿ. ಲಾರಿಮರ್ ಬಲೆಗೆ ಬಡಿದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಿದರು, ಲೀಡ್ಸ್ 2–0 ಸೋತಿತು. ಹಳೆಯ ಸರಣಿಯ ಹೆಸರುಗಳು ಒಂದೊಂದಾಗಿ ಬೇರೆ ಊರುಗಳಿಗೆ ಹೊರಟವು. ಇವನು ಎಲ್ಲಂಡ್ ರೋಡಿನಲ್ಲೇ ಉಳಿದ. ಅವನ ಮನೆಯವರದು ಲೀಡ್ಸಿನಲ್ಲಿ ಹೆಸರು ಮಾಡಿದ ಅಂಗಡಿಗಳ ವ್ಯಾಪಾರ. ಮೊಳೆ, ಬಣ್ಣ, ಮರದ ಹಲಗೆ, ಮನೆಯ ರಿಪೇರಿಯನ್ನು ತಾವೇ ಮಾಡಿಕೊಳ್ಳುವವರಿಗೆ ಬೇಕಾದ ಸಾಮಾನು. ಆಟ ಬಿಟ್ಟ ಮೇಲೆ ಅವನ ಕೈಗೂ ಅದೇ ವ್ಯಾಪಾರ ಬಂತು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ. 2018ರ ಜುಲೈನಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡ.

ಆರ್ಮ್‌ಫೀಲ್ಡ್ ಕಾಲದ ಒಂದು ಪ್ರಸಂಗವನ್ನು ಲೀಡ್ಸಿನವರು ಮತ್ತೆ ಮತ್ತೆ ಹೇಳುತ್ತಾರೆ. ಒಪ್ಪಂದ ನವೀಕರಿಸುವ ಹೊತ್ತು. ಎಷ್ಟು ವರ್ಷ ಬೇಕು, ಎಷ್ಟು ಸಂಬಳ ಬೇಕು ಎಂದು ಮ್ಯಾನೇಜರ್ ಕೇಳಿದರೆ ಮೇಡ್ಲಿ ಅದನ್ನೆಲ್ಲ ಅವರಿಗೇ ಬಿಟ್ಟನಂತೆ. ತನಗೆ ಲೀಡ್ಸಿಗೆ ಆಡಿದರೆ ಸಾಕು ಎಂದನಂತೆ. ಖಾಲಿ ಕಾಗದದ ಕೆಳಗೆ ಸಹಿ ಹಾಕಿ, ಸಂಖ್ಯೆಯ ಜಾಗವನ್ನು ಹಾಗೆಯೇ ಬಿಟ್ಟು ಎದ್ದು ಅಭ್ಯಾಸಕ್ಕೆ ಹೋದವನನ್ನು ನಾನು ಎಷ್ಟೋ ರಾತ್ರಿ ಕಣ್ಣ ಮುಂದೆ ತಂದುಕೊಂಡಿದ್ದೇನೆ.