ಪೆಂಬರ್ಲಿಯ ಹಾದಿಯಲ್ಲಿ

ಮ್ಯಾಂಚೆಸ್ಟರಿನಿಂದ ಬಕ್ಸ್‌ಟನ್ನಿಗೆ ಹೋಗುವ ರೈಲು ಸ್ಟಾಕ್‌ಪೋರ್ಟಿನ ಹಳೆಯ ಗಿರಣಿಗಳನ್ನು ಹಿಂದಿಕ್ಕಿ ಬೆಟ್ಟಗಳ ಸೆರಗನ್ನು ಮುಟ್ಟುವ ಹೊತ್ತಿಗೆ ಡಿಸ್ಲಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲ್ಲಿ ಇಳಿಯುವವರು ಹಲವು ಬಗೆ. ಬೆನ್ನಿಗೆ ಚೀಲ ಬಿಗಿದು ಗುಡ್ಡ ಹತ್ತಲು ಬಂದವರಿದ್ದಾರೆ. ನಾಯಿಯನ್ನು ತಿರುಗಾಡಿಸಲು ಬಂದ ವೃದ್ಧ ದಂಪತಿಗಳಿದ್ದಾರೆ. ಇವರ ನಡುವೆ ಇನ್ನೊಂದು ಪಂಗಡವೂ ಉಂಟು. ದೂರದೂರದಿಂದ ಬಂದ ಈ ಯಾತ್ರಿಕರು ಹುಡುಕುವ ಮನೆ ಯಾವ ಭೂಪಟದಲ್ಲಿಯೂ ಇಲ್ಲ. ಅದರ ಒಡೆಯನು ಕಾಗದದ ಮೇಲೆ ಹುಟ್ಟಿದವನು. ಆ ಮನೆಯ ಹೆಸರು ಪೆಂಬರ್ಲಿ.

ಜೇನ್ ಆಸ್ಟೆನ್ ಬರೆದು 1813ರ ಜನವರಿಯಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ನಾಯಕ ಡಾರ್ಸಿಯ ಸೌಧವದು. ದೇ. ಜವರೇಗೌಡರ ‘ಹಮ್ಮು-ಬಿಮ್ಮು’ವಿನ ಮೂಲಕ ಕನ್ನಡ ವಾಚಕರಿಗೂ ಅದರ ಪರಿಚಯವುಂಟು. ಕಾದಂಬರಿಯ ಮಾತಿನಂತೆ ಪೆಂಬರ್ಲಿ ಇರುವುದು ಡರ್ಬಿಷೈರ್ ಪ್ರಾಂತದಲ್ಲಿ. ಯಾತ್ರಿಕರು ಇಳಿದಿರುವುದಾದರೋ ಚೆಷೈರಿನ ಅಂಚಿನಲ್ಲಿ. ಅವರು ಹೋಗುತ್ತಿರುವುದು ಲೈಮ್ ಪಾರ್ಕ್ ಎಂಬ, ಕಲ್ಲಿನಿಂದ ಕಟ್ಟಿದ ನಿಜವಾದ ಮನೆಗೆ. ಬಿ.ಬಿ.ಸಿ.ಯು 1995ರಲ್ಲಿ ಈ ಕಾದಂಬರಿಯನ್ನು ಆರು ಕಂತುಗಳ ಟೆಲಿವಿಷನ್ ಧಾರಾವಾಹಿಯಾಗಿ ನಿರ್ಮಿಸಿದಾಗ ಪೆಂಬರ್ಲಿಯ ಹೊರನೋಟಕ್ಕೆ ಆರಿಸಿಕೊಂಡದ್ದು ಇದನ್ನೇ. ಅಂದಿನಿಂದ ಲೈಮ್ ಪಾರ್ಕಿಗೆ ಎರಡು ಹೆಸರುಗಳಾದುವು.

ಹೆಬ್ಬಾಗಿಲನ್ನು ಹೊಕ್ಕೊಡನೆ ಮನೆ ಕಾಣಿಸುವುದಿಲ್ಲ. ಮೈಲಿಯಷ್ಟು ದಾರಿ ಹುಲ್ಲುಗಾವಲುಗಳ ನಡುವೆ ಏರುತ್ತ ಹೋಗುತ್ತದೆ. ಸುಮಾರು 1,400 ಎಕರೆ ವಿಸ್ತಾರದ ಈ ವನದಲ್ಲಿ ಕೆಂಪು ಜಿಂಕೆಗಳ ಹಿಂಡು ಶತಮಾನಗಳಿಂದ ಮೇಯುತ್ತ ಬಂದಿದೆ. ದಿಬ್ಬವೊಂದರ ಮೇಲೆ ಚೌಕಾಕಾರದ ಒಂಟಿ ಗೋಪುರವಿದೆ. ಅದನ್ನು ‘ಕೇಜ್’, ಎಂದರೆ ಪಂಜರ, ಎಂದು ಕರೆಯುತ್ತಾರೆ. ಬೇಟೆಯನ್ನು ಕುಳಿತು ನೋಡಲು ದೊಡ್ಡವರಿಗೂ, ಕದ್ದು ಬೇಟೆಯಾಡಿ ಸಿಕ್ಕಿಬಿದ್ದ ಬಡವರನ್ನು ಕೂಡಿಹಾಕಲೂ ಒಂದೇ ಕಟ್ಟಡ ಒದಗಿತಂತೆ! ಈ ಸೀಮೆಯಲ್ಲಿ ಗಾಳಿಗೆ ಬಿಡುವಿಲ್ಲ, ಮೋಡಕ್ಕೂ ಬಿಡುವಿಲ್ಲ. ಧಾರಾವಾಹಿಯಲ್ಲಿ ಕಂಡ ಹೊಂಬಿಸಿಲನ್ನೇ ನೆಚ್ಚಿ ಕೊಡೆಯಿಲ್ಲದೆ ಬಂದವರು ನೆನೆಯುವುದುಂಟು.

ಈ ಭೂಮಿ ಲೀ ಮನೆತನಕ್ಕೆ 1398ರಲ್ಲಿ ದೊರೆಯಿತು. ಈಗಿನ ಮನೆಯ ಹಳೆಯ ಭಾಗ 16ನೆಯ ಶತಮಾನದ್ದು. 18ನೆಯ ಶತಮಾನದಲ್ಲಿ ಜಾಕೊಮೊ ಲಿಯೋನಿ ಎಂಬ ವೆನಿಸ್ ನಗರದ ವಾಸ್ತುಶಿಲ್ಪಿಯು ಅದಕ್ಕೆ ಇಟಲಿಯ ಉಡುಗೆಯನ್ನು ತೊಡಿಸಿದನು. ದಕ್ಷಿಣದ ಮುಖದಲ್ಲಿ ಎತ್ತರವಾದ ಕಂಬಗಳ ಸಾಲು, ಅದರ ಮೇಲಿನ ತ್ರಿಕೋನದ ಮೇಲೆ ನೆಪ್ಚೂನ್, ವೀನಸ್, ಪ್ಯಾನ್ ದೇವತೆಗಳ ಸೀಸದ ವಿಗ್ರಹಗಳು, ಎದುರಿಗೆ ಕೊಳ. ಕೊಳದ ಆಚೆಯ ದಡದಲ್ಲಿ ನಿಂತು ನೋಡಿದರೆ ಮನೆ ಎರಡಾಗಿ, ಒಂದು ನೆಲದ ಮೇಲೂ ಒಂದು ನೀರಿನಲ್ಲಿಯೂ ಕಾಣುತ್ತದೆ. ಯಾತ್ರಿಕರು ನೇರವಾಗಿ ಹೋಗಿ ನಿಲ್ಲುವುದು ಅಲ್ಲಿಯೇ. ಧಾರಾವಾಹಿಯಲ್ಲಿ ನಾಯಕಿ ಎಲಿಜಬೆತ್ ಗಾಡಿಯನ್ನು ನಿಲ್ಲಿಸಿ ಈ ಮನೆಯನ್ನು ಮೊದಲು ಕಂಡದ್ದು ಅಂಥದೇ ಒಂದು ಸ್ಥಳದಿಂದ.

ಕೊಳದ ಪ್ರಸಿದ್ಧಿಗೆ ಮತ್ತೊಂದು ಕಾರಣವಿದೆ. ಬಿಸಿಲಿನಲ್ಲಿ ಕುದುರೆಯೇರಿ ಬಂದ ಡಾರ್ಸಿ ಮೇಲಂಗಿಯನ್ನು ತೆಗೆದೆಸೆದು ನೀರಿಗೆ ಧುಮುಕುತ್ತಾನೆ. ಒದ್ದೆಯಾದ ಬಿಳಿಯ ಅಂಗಿಯಲ್ಲಿ ಹುಲ್ಲಿನ ಮೇಲೆ ನಡೆದುಬರುವಾಗ ಎಲಿಜಬೆತ್ತಳಿಗೆ ಇದಿರಾಗುತ್ತಾನೆ. ಆಸ್ಟೆನ್ನಳ ಪುಸ್ತಕದಲ್ಲಿ ಈ ಜಲಕ್ರೀಡೆಯ ಸುಳಿವೇ ಇಲ್ಲ. ಚಿತ್ರನಾಟಕ ಬರೆದ ಆಂಡ್ರ್ಯೂ ಡೇವಿಸ್ ಸೇರಿಸಿದ ಪ್ರಸಂಗವಿದು. ಡಾರ್ಸಿಯಾಗಿ ನಟಿಸಿದವನು ಕಾಲಿನ್ ಫರ್ತ್. ಆದರೆ ನೀರಿಗೆ ಹಾರಿದವನು ಬೇರೊಬ್ಬ ಸಾಹಸಿ, ನೀರಿನೊಳಗಿನ ದೃಶ್ಯವನ್ನು ತೆಗೆದದ್ದು ಸ್ಟುಡಿಯೋದ ತೊಟ್ಟಿಯಲ್ಲಿ. ಇಷ್ಟೆಲ್ಲ ತಿಳಿದೂ ಜನರು ಕೊಳವನ್ನು ನೋಡಲು ಬರುತ್ತಾರೆ. 2013ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಸರೋವರದಲ್ಲಿ, ಎದೆಯವರೆಗೆ ನೀರಿನಲ್ಲಿ ನಿಂತ ಡಾರ್ಸಿಯ 12 ಅಡಿ ಎತ್ತರದ ಪ್ರತಿಮೆಯೊಂದನ್ನು ನಿಲ್ಲಿಸಿದ್ದರು; ಆಮೇಲೆ ಅದು ಲೈಮ್ ಪಾರ್ಕಿನ ನೀರಿಗೂ ಬಂದು ಕೆಲವು ಕಾಲ ನಿಂತಿತ್ತು. ರಸಿಕತೆ ಎಲ್ಲಿ ಮುಗಿದು ತಮಾಷೆ ಎಲ್ಲಿ ಆರಂಭವಾಗುತ್ತದೆಂದು ಹೇಳುವುದು ಕಷ್ಟ.

ಹಾಗಾದರೆ ಈ ಧಾರಾವಾಹಿಯ ಆಕರ್ಷಣೆಯೆಲ್ಲ ಒಂದು ಒದ್ದೆ ಅಂಗಿಯದೇ ಎಂದರೆ ಅದು ಅನ್ಯಾಯವಾದೀತು. ಕಾದಂಬರಿಯಲ್ಲಿ ಡಾರ್ಸಿ ಬಹುಕಾಲ ಮುಚ್ಚಿದ ಬಾಗಿಲು. ಅವನ ಮಾತು ಕೇಳಿಸುತ್ತದೆ, ಮನಸ್ಸು ಮಾತ್ರ ಹೆಚ್ಚಾಗಿ ಮರೆಯಲ್ಲಿಯೇ ಇರುತ್ತದೆ. ಟೆಲಿವಿಷನ್ನಿನ ಕ್ಯಾಮೆರಾ ಆ ಬಾಗಿಲನ್ನು ಸ್ವಲ್ಪ ಓರೆ ಮಾಡಿತು. ಅವನು ಕತ್ತಿವರಸೆ ಆಡುವುದು, ಕಿಟಕಿಯ ಬಳಿ ಸುಮ್ಮನೆ ನಿಲ್ಲುವುದು, ರಾತ್ರಿಯೆಲ್ಲ ಕುಳಿತು ಪತ್ರ ಬರೆಯುವುದು ಇವೆಲ್ಲ ಕಣ್ಣಿಗೆ ಬಿದ್ದುವು. ಪೆಂಬರ್ಲಿಯ ಸಂಗೀತದ ಕೋಣೆಯಲ್ಲಿ ಅವನ ತಂಗಿ ಪಿಯಾನೋ ನುಡಿಸುತ್ತಿರುವಾಗ, ಯಾರೋ ಆಡಿದ ಒಂದು ಹೆಸರಿಗೆ ಆ ಹುಡುಗಿ ಬೆಚ್ಚುತ್ತಾಳೆ. ಎಲಿಜಬೆತ್ ತಟ್ಟನೆ ಬಳಿಗೆ ಹೋಗಿ, ಹಾಳೆ ತಿರುವುವ ನೆಪದಲ್ಲಿ ಅವಳ ಮಾನವನ್ನು ಉಳಿಸುತ್ತಾಳೆ. ಡಾರ್ಸಿ ಕೋಣೆಯ ಈಚೆಯಿಂದ ಅವಳನ್ನು ನೋಡುತ್ತಾನೆ. ಅಷ್ಟೇ. ಒಂದು ಮಾತಿಲ್ಲ. ಪ್ರಣಯವೆಂದರೆ ಅಪ್ಪುಗೆ, ಅಳು, ಹಾಡು ಎಂದು ತಿಳಿದ ಕಾಲದಲ್ಲಿ ಆ ನೋಟವೊಂದೇ ಮನೆಮನೆಯ ಹೆಂಗಸರನ್ನೂ ಗಂಡಸರನ್ನೂ ಕುರ್ಚಿಯ ತುದಿಗೆ ತಂದು ಕೂರಿಸಿತು.

ಕಾಯಿಸುವ ಕಲೆಯೂ ಇಲ್ಲಿ ಕೆಲಸ ಮಾಡಿದೆ. ವಾರಪತ್ರಿಕೆಯ ಧಾರಾವಾಹಿಯನ್ನು ಓದಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. 1995ರ ಸೆಪ್ಟೆಂಬರ್ 24ರಿಂದ ಅಕ್ಟೋಬರ್ 29ರವರೆಗೆ ಆರು ಭಾನುವಾರಗಳ ರಾತ್ರಿ ಸುಮಾರು ಒಂದು ಕೋಟಿ ಬ್ರಿಟಿಷ್ ವೀಕ್ಷಕರು ಈ ಕಥೆಗಾಗಿ ಕುಳಿತರು. ಮೂರನೆಯ ಕಂತಿನ ಕೊನೆಯಲ್ಲಿ ಡಾರ್ಸಿ ಮದುವೆಯ ಪ್ರಸ್ತಾಪವನ್ನು ಮುಂದಿಡುತ್ತಾನೆ. ಎಲಿಜಬೆತ್ ಅವನ ಮುಖಕ್ಕೇ ನಿರಾಕರಿಸುತ್ತಾಳೆ. ಮುಂದೇನೆಂಬುದಕ್ಕೆ ಏಳು ದಿನ! ಕಾದಂಬರಿಯನ್ನು ಹತ್ತು ಸಲ ಓದಿ ಮುಕ್ತಾಯವನ್ನು ಬಲ್ಲವರೂ ಕಾದರೆಂಬುದೇ ಸೋಜಿಗ. ಕಾಯಲಾರದವರು, ಪ್ರಸಾರ ಮುಗಿಯುವ ಮೊದಲೇ ಮಾರಾಟಕ್ಕೆ ಬಂದ ವಿಡಿಯೋ ಕ್ಯಾಸೆಟ್ಟುಗಳಿಗೆ ಮುಗಿಬಿದ್ದರು. ಬಿ.ಬಿ.ಸಿ.ಯು ಇದೇ ಕಥೆಯನ್ನು 1952, 1958, 1967, 1980ರಲ್ಲಿಯೂ ತೋರಿಸಿತ್ತು. ಭಾರತದಲ್ಲಿ 1985ರಲ್ಲಿ ದೂರದರ್ಶನವು ‘ತೃಷ್ಣಾ’ ಎಂಬ ಹಿಂದಿ ಧಾರಾವಾಹಿಯಾಗಿ ಇದನ್ನೇ ಬಿತ್ತರಿಸಿತು. ಮದುವೆಗೆ ಬಂದ ಹೆಣ್ಣುಮಕ್ಕಳು, ಗಂಡು ಹುಡುಕುವ ತಾಯಿ, ಪುಸ್ತಕದ ಮರೆಗೆ ಸರಿಯುವ ತಂದೆ: ಈ ಸಂಸಾರ ಯಾವ ಊರಿನಲ್ಲಿ ಇಲ್ಲ?

ಆ ನಿರಾಕರಣೆಯ ಬೆಲೆಯನ್ನು ತಿಳಿಯದವರಿಗೆ ಪೆಂಬರ್ಲಿ ತಿಳಿಯದು. ಎಲಿಜಬೆತ್ತಳ ತಂದೆಗೆ ಐವರು ಹೆಣ್ಣುಮಕ್ಕಳು, ಗಂಡುಸಂತಾನವಿಲ್ಲ. ಆಸ್ತಿಯ ಕಟ್ಟಳೆಯಂತೆ ತಂದೆ ಕಣ್ಣು ಮುಚ್ಚಿದ ದಿನ ಮನೆ ದೂರದ ನೆಂಟನಾದ ಕಾಲಿನ್ಸ್ ಎಂಬವನಿಗೆ ಸೇರುತ್ತದೆ; ತಾಯಿ ಮಕ್ಕಳು ಬೀದಿಗೆ ಬರಬೇಕು. ಆ ನೆಂಟನೇ ಮದುವೆಯಾಗುತ್ತೇನೆಂದು ಬಂದಾಗ ಅವಳು ಒಲ್ಲೆನೆಂದಳು. ಬಳಿಕ ವರ್ಷಕ್ಕೆ 10,000 ಪೌಂಡ್ ವರಮಾನದ ಡಾರ್ಸಿ ಬಂದು, ಅವಳ ಕುಲದ ಕೊರತೆಗಳನ್ನೆಲ್ಲ ಎಣಿಸುತ್ತ ಪ್ರೀತಿಯನ್ನು ನಿವೇದಿಸಿದಾಗ ಅವನನ್ನೂ ಒಲ್ಲೆನೆಂದಳು. ಹೊಟ್ಟೆಯ ಭಯವಿದ್ದೂ ಮಾನವನ್ನು ಬಿಡದ ಹುಡುಗಿ ಅವಳು. ಜೆನಿಫರ್ ಈಲಿಯ ನಗುಗಣ್ಣುಗಳಲ್ಲಿ ಆ ದಿಟ್ಟತನ ಚೆನ್ನಾಗಿ ಮೂಡಿಬಂದಿದೆ.

ಇಂಥವಳು ಸೋದರಮಾವ, ಅತ್ತೆಯರೊಡನೆ ಪ್ರವಾಸ ಹೊರಟು, ಒಡೆಯನು ಊರಿನಲ್ಲಿಲ್ಲವೆಂಬ ಧೈರ್ಯದಿಂದ ಪೆಂಬರ್ಲಿಯನ್ನು ನೋಡಲು ಬರುತ್ತಾಳೆ. ಆ ಕಾಲದ ಇಂಗ್ಲೆಂಡಿನಲ್ಲಿ ಶ್ರೀಮಂತರ ಸೌಧಗಳನ್ನು ಸಭ್ಯ ಪ್ರವಾಸಿಗರಿಗೆ ತೋರಿಸುವ ವಾಡಿಕೆಯಿತ್ತು. ಆಳುಗಳ ಮೇಲ್ವಿಚಾರಕಿ ಕೋಣೆ ಕೋಣೆಯನ್ನೂ ತೋರಿಸಿ ವಿವರಿಸುತ್ತಿದ್ದಳು. ಈಗ ಲೈಮ್ ಪಾರ್ಕಿನ ಹಾದಿಯಲ್ಲಿ ನಡೆಯುವ ಯಾತ್ರಿಕರಂತೆಯೇ ಎಲಿಜಬೆತ್ತಳೂ ಅಂದು ಒಬ್ಬ ಪ್ರೇಕ್ಷಕಳು! ಈ ಮನೆಗೆ ತಾನು ಒಡತಿಯಾಗಬಹುದಿತ್ತಲ್ಲ ಎಂಬ ಯೋಚನೆ ಅವಳ ಮನಸ್ಸಿನಲ್ಲಿ ಸುಳಿಯದೆ ಇರಲಿಲ್ಲ. ಇದನ್ನು ಹಿಡಿದು ಅವಳು ಸೋತದ್ದು ಆಸ್ತಿಗೆ ಎಂದವರೂ ಇದ್ದಾರೆ. ಸರ್ ವಾಲ್ಟರ್ ಸ್ಕಾಟನೇ ‘ಎಮ್ಮ’ ಕಾದಂಬರಿಯ ವಿಮರ್ಶೆಯಲ್ಲಿ ಆ ಧಾಟಿಯಲ್ಲಿ ಬರೆದಿದ್ದಾನೆ. ದೊಡ್ಡವರೂ ಓದುವಾಗ ತಪ್ಪುತ್ತಾರೆ.

ಅವಳ ಮನಸ್ಸನ್ನು ತಿರುಗಿಸಿದ್ದು ಗೋಡೆಯಲ್ಲ, ಕೊಳವಲ್ಲ. ಮಿಸೆಸ್ ರೆನಾಲ್ಡ್ಸ್ ಎಂಬ ವೃದ್ಧ ಮೇಲ್ವಿಚಾರಕಿ. ಡಾರ್ಸಿಯನ್ನು ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಬಲ್ಲ ಈಕೆ, ಅವನ ಬಾಯಿಂದ ಒಂದು ಕಟುನುಡಿಯನ್ನೂ ಕೇಳಿದವಳಲ್ಲವೆಂದು, ಯಾರೂ ಒತ್ತಾಯಿಸದೆಯೇ, ಅಪರಿಚಿತರ ಮುಂದೆ ಹೇಳುತ್ತಾಳೆ. ನೃತ್ಯಕೂಟಗಳಲ್ಲಿ ಕಂಡ ಅಹಂಕಾರಿಗೂ ಒಕ್ಕಲುಗಳು, ಆಳುಗಳು ಹರಸುವ ಈ ಒಡೆಯನಿಗೂ ಎಲ್ಲಿಂದೆಲ್ಲಿಗೆ? ಗಂಡಿನ ಗುಣವನ್ನು ತಿಳಿಯಬೇಕಾದರೆ ಅವನ ಮನೆಯ ಆಳನ್ನು ಕೇಳಬೇಕೆಂಬುದು ಹೆಣ್ಣು ಕೊಡುವ ಹಿರಿಯರಿಗೆ ಗೊತ್ತಿದ್ದ ಉಪಾಯ. ಧಾರಾವಾಹಿಯೂ ಈ ಪ್ರಸಂಗವನ್ನು ಬಿಟ್ಟಿಲ್ಲ. ಕೊಳದ ಗದ್ದಲದಲ್ಲಿ ಈ ಮುದುಕಿಯನ್ನು ಜನರು ಮರೆತಿರುವುದು ಅವರ ತಪ್ಪು. ಅವಳ ಮಾತನ್ನು ಕೇಳಿ, ಮೇಲಿನ ಪಡಸಾಲೆಯಲ್ಲಿ ಡಾರ್ಸಿಯ ಚಿತ್ರಪಟದ ಮುಂದೆ ಮೌನವಾಗಿ ನಿಂತ ಎಲಿಜಬೆತ್ತಳಿಗೆ, ಹೊರಗೆ ಬಂದೊಡನೆ ಅವನೇ ಎದುರಾಗುತ್ತಾನೆ. ಮಾತಿನಲ್ಲಿ ಸೋಲದವನು ತೊದಲುತ್ತಾನೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಅಂಗಿ ಒಣಗಿದ್ದರೂ ಆ ದೃಶ್ಯಕ್ಕೆ ಕುಂದಾಗುತ್ತಿರಲಿಲ್ಲ.

ಆ ಚಿತ್ರಪಟದ ಪಡಸಾಲೆ ಎಲ್ಲಿ ಎಂದು ಲೈಮ್ ಪಾರ್ಕಿನಲ್ಲಿ ಕೇಳಿದವರಿಗೆ ನಿರಾಶೆ ಕಾದಿರುತ್ತದೆ. ಪೆಂಬರ್ಲಿಯ ಒಳಾಂಗಣವನ್ನು ಚಿತ್ರಿಸಿದ್ದು ಇಲ್ಲಲ್ಲ. ದಕ್ಷಿಣಕ್ಕೆ ಮೂವತ್ತು ಮೈಲಿಗೂ ಆಚೆ, ಡರ್ಬಿಷೈರಿನ ಸಡ್‌ಬರಿ ಹಾಲ್ ಎಂಬ ಇನ್ನೊಂದು ಸೌಧದಲ್ಲಿ. ಎಲಿಜಬೆತ್ ಬಾಗಿಲನ್ನು ದಾಟಿದ ಒಂದು ಹೆಜ್ಜೆಯಲ್ಲಿ ಒಂದು ಪ್ರಾಂತವನ್ನೇ ದಾಟಿಬಿಟ್ಟಳು. ಅವಳ ತವರು ಲಾಂಗ್‌ಬೋರ್ನ್ ಇರುವುದು ವಿಲ್ಟ್‌ಷೈರಿನ ಲಕಿಂಗ್ಟನ್ನಿನಲ್ಲಿ. ಅವಳ ತಂಗಿಯರು ರಿಬ್ಬನ್ ಕೊಳ್ಳಲು ಹೋಗುವ ಪೇಟೆ ಅದೇ ಪ್ರಾಂತದ ಲೇಕಾಕ್ ಹಳ್ಳಿ. 2005ರ ಚಲನಚಿತ್ರವಂತೂ ಪೆಂಬರ್ಲಿಯನ್ನು ಚಾಟ್ಸ್‌ವರ್ತ್ ಅರಮನೆಗೆ ಎತ್ತಿಕೊಂಡು ಹೋಯಿತು. ಎಲ್ಲವನ್ನೂ ನೋಡಿಯೇ ತೀರುವೆನೆನ್ನುವವರು ಅರ್ಧ ಇಂಗ್ಲೆಂಡನ್ನು ಸುತ್ತಬೇಕು, ಸುತ್ತುವವರೂ ಇದ್ದಾರೆ.

ಆದರೂ ಲೈಮ್ ಪಾರ್ಕಿನ ಒಳಗನ್ನು ನೋಡದೆ ಹಿಂದಿರುಗುವವರು ನಷ್ಟಪಡುತ್ತಾರೆ. ಇಲ್ಲಿ ಡಾರ್ಸಿ ಇಲ್ಲದಿದ್ದರೂ ಬಾಳಿದವರ ಗುರುತುಗಳಿವೆ. ಮನೆಯ ನೆತ್ತಿಯ ಮೇಲೆ, ಲಿಯೋನಿಯ ಅಂದಕ್ಕೆ ಸ್ವಲ್ಪವೂ ಹೊಂದದ, ಪೆಟ್ಟಿಗೆಯಂಥ ಒಂದು ಕಟ್ಟಡವಿದೆ. ಕಾದಂಬರಿ ಅಚ್ಚಾದ ಕೆಲವು ವರ್ಷಗಳಲ್ಲಿಯೇ ಲೂಯಿಸ್ ವ್ಯಾಟ್ ಎಂಬ ಶಿಲ್ಪಿ ಅದನ್ನು ಆಳುಗಳ ಮಲಗುವ ಕೋಣೆಗಳಿಗೆಂದು ಕಟ್ಟಿದನು. ಮಿಸೆಸ್ ರೆನಾಲ್ಡ್ಸಳ ಕೈಕೆಳಗಿನಂಥ ಹುಡುಗಿಯರು ರಾತ್ರಿ ಮೈಚಾಚುತ್ತಿದ್ದುದು ಅಲ್ಲಿ. ಆಳುಗಳಿಲ್ಲದೆ ಇಂಥ ಮನೆ ಒಂದು ದಿನವೂ ನಡೆಯದು. ಎರಡು ಮಹಾಯುದ್ಧಗಳಾದ ಮೇಲೆ ಆಳುಗಳೂ ಇಲ್ಲ, ಆದಾಯವೂ ಇಲ್ಲ. 1946ರಲ್ಲಿ ಮೂರನೆಯ ಲಾರ್ಡ್ ನ್ಯೂಟನ್ ಈ ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದನು. ಐದೂವರೆ ಶತಮಾನಗಳ ಒಡೆತನ ಅಲ್ಲಿಗೆ ಮುಗಿಯಿತು. ಪೆಂಬರ್ಲಿಯ ಕಥೆ ಮದುವೆಯಲ್ಲಿ ನಿಂತದ್ದರಿಂದ ಎಲಿಜಬೆತ್ತಳ ಮರಿಮಕ್ಕಳಿಗೆ ಈ ದಿನ ಬರಲಿಲ್ಲ.

ಈಗ ಕೋಣೆಗಳಲ್ಲಿ ಕುಳಿತಿರುವವರು ಟ್ರಸ್ಟಿನ ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ಕೇಳಿದವರಿಗೆ ಗಡಿಯಾರಗಳ ಚರಿತ್ರೆಯನ್ನೂ, ಗೋಡೆಯ ಕೆತ್ತನೆಯ ಕುಶಲತೆಯನ್ನೂ ಹೇಳುತ್ತಾರೆ. ಕೊಳ ಎಲ್ಲಿ ಎಂದು ಕೇಳಿದವರಿಗೆ ನಗುತ್ತ ಕಿಟಕಿಯ ಕಡೆ ಕೈ ತೋರಿಸುತ್ತಾರೆ. ಸಂಜೆಯ ಹೊತ್ತಿಗೆ ಜಿಂಕೆಗಳು ದಿಬ್ಬದಿಂದ ಕೆಳಗಿಳಿಯುತ್ತವೆ. ಡಿಸ್ಲಿಯ ರೈಲನ್ನು ಹಿಡಿಯಬೇಕಾದವರು ಆಗಲೇ ಹೆಬ್ಬಾಗಿಲಿನತ್ತ ನಡೆದಿರುತ್ತಾರೆ. ಕೊಳದ ಆಚೆಯ ದಡದಲ್ಲಿ ಮಾತ್ರ ಇನ್ನೂ ಇಬ್ಬರೋ ಮೂವರೋ, ನೀರಿನಲ್ಲಿ ಅಲುಗುವ ಕಂಬಗಳನ್ನು ನೋಡುತ್ತ ನಿಂತಿರುತ್ತಾರೆ.