ಸುಳ್ಳು ಸಾರು

ಎರಡನೇ ತುತ್ತಿಗೆ ಮಗಳು ಫೋರ್ಕ್ ಕೆಳಗಿಟ್ಟಳು. "ಅಪ್ಪಾ, ನಿಜ ಹೇಳು. ಇದಕ್ಕೆ ಕೈಮಾ ಹಾಕಿದ್ದೀಯಾ?"

ಅವಳು ಮಾಂಸ ಬಿಟ್ಟು ಆರು ತಿಂಗಳಾಗಿತ್ತು. ಬಿಡು ಅಂತ ಯಾರೂ ಹೇಳಿರಲಿಲ್ಲ, ಬಿಟ್ಟಾಗ ಯಾರೂ ಬೇಡ ಅನ್ನಲೂ ಇಲ್ಲ. ಆದರೂ ತಾನಾಗಿ ಏನನ್ನಾದರೂ ಬಿಟ್ಟವರಿಗೆ ಮನೆಯವರ ಮೇಲೆ ಒಂದು ಗುಮಾನಿ ಇದ್ದೇ ಇರುತ್ತದೆ. ಬಾಯಲ್ಲಿ ಹೇಳಿದರೆ ನಂಬುವವಳಲ್ಲ ಎಂದು ಕಸದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಈರುಳ್ಳಿ ಸಿಪ್ಪೆ, ಕ್ಯಾರೆಟ್ಟಿನ ತುದಿ, ಸೆಲರಿಯ ನಾರು, ಟೊಮೆಟೊ ತೊಟ್ಟು. ಬಗ್ಗಿ ನೋಡಿಯೇಬಿಟ್ಟಳು. ಮಹಜರು ಮುಗಿದ ಮೇಲೆ ಫೋರ್ಕ್ ಮತ್ತೆ ಮೇಲೆದ್ದಿತು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಸಾಸ್ ಮಾಡಿದವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೊಂದಿಲ್ಲ. ಇಟಲಿಯ ಟಸ್ಕನಿ ಸೀಮೆಯಲ್ಲಿ ಇದರ ಹೆಸರು 'ಸೂಗೊ ಫಿಂತೊ'. ಸೂಗೊ ಅಂದರೆ ಪಾಸ್ತಾಕ್ಕೆ ಕಲಸುವ ಸಾಸು. ಫಿಂತೊ ಅಂದರೆ ಸುಳ್ಳು, ನಕಲಿ. ಮಾಂಸ ಹಾಕಿ ಗಂಟೆಗಟ್ಟಲೆ ಕುದಿಸುವ ಸಾಸಿಗೆ ಏನೇನು ಶಾಸ್ತ್ರವಿದೆಯೋ ಅಷ್ಟನ್ನೂ ಮಾಡಿ, ಮಾಂಸವೊಂದನ್ನು ಮಾತ್ರ ಹಾಕದೆ ಇರುವುದು. ಕೆಲವರು 'ಸೂಗೊ ಸ್ಕಪ್ಪಾತೊ' ಅನ್ನುವುದೂ ಉಂಟು. ಮಾಂಸ ತಪ್ಪಿಸಿಕೊಂಡು ಓಡಿಹೋದ ಸಾಸು! ಬೇಳೆ ಹಾಕದ ಸಾರನ್ನು ಗೊಡ್ಡುಸಾರು ಎಂದು ಕರೆದವರು ನಾವು. ಪಾತ್ರೆಯಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದರ ಮೇಲೆ ಹೆಸರಿಡುವ ಚಾಳಿ ಎರಡೂ ಕಡೆಯದು. ಅವರ ಹೆಸರಲ್ಲಿ ನಗು ಒಂದು ಚಿಟಿಕೆ ಜಾಸ್ತಿ, ಅಷ್ಟೇ.

ನಾನು ಇದನ್ನು ಕಲಿತದ್ದು ಪೀಸಾದಲ್ಲಿ, 1997ರಲ್ಲಿ. ಎರಡು ವರ್ಷದ ಸಂಶೋಧನೆಯ ಕೆಲಸಕ್ಕೆ ಹೋಗಿದ್ದೆ. ವಾಲಿದ ಗೋಪುರ ಆಗ ರಿಪೇರಿಯಲ್ಲಿತ್ತು. 1990ರಲ್ಲಿ ಮುಚ್ಚಿದ ಅದರ ಬಾಗಿಲು ಮತ್ತೆ ತೆರೆದದ್ದು 2001ರ ಡಿಸೆಂಬರಿನಲ್ಲಿ. "ಎರಡು ವರ್ಷ ಇದ್ದೂ ಮೇಲೆ ಹತ್ತಲಿಲ್ವಾ?" ಎಂದು ಊರಲ್ಲಿ ಕೇಳಿದವರಿಗೆಲ್ಲ ಹೇಳಿ ಹೇಳಿ ಈ ತಾರೀಖುಗಳು ಬಾಯಿಪಾಠವಾಗಿವೆ. ಆರ್ನೊ ನದಿಯಿಂದ ಹತ್ತು ನಿಮಿಷ ನಡೆದರೆ ಒಂದು ಹಳೇ ಮನೆ. ಮಹಡಿಯ ಮೇಲೆ ನನ್ನ ಕೋಣೆ, ಕೆಳಗೆ ಎಪ್ಪತ್ತು ದಾಟಿದ ಮನೆಯೊಡತಿ. ನಾನು ಅವರನ್ನು ಸಿನ್ಯೋರಾ ಅನ್ನುತ್ತಿದ್ದೆ. ಅವರು ನನ್ನ ಹೆಸರಿನ ಜೊತೆ ಮೂರು ದಿನ ಹೆಣಗಾಡಿ, ನಾಲ್ಕನೇ ದಿನ 'ಪ್ರೊಫೆಸ್ಸೋರೆ' ಎಂದು ಕರೆದು ಕೈತೊಳೆದುಕೊಂಡರು. ನಾನು ಆಗಲೂ ಪ್ರೊಫೆಸರ್ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಬರುತ್ತಿದ್ದ ದುಡ್ಡಿನಲ್ಲಿ ಅರ್ಧ ಬಾಡಿಗೆಗೆ ಹೋಗುತ್ತಿತ್ತು. ಮಾಂಸದಂಗಡಿಯ ಗಾಜಿನ ಮುಂದೆ ನಿಂತು, ಲೀರಾದ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ, ಸುಮ್ಮನೆ ಮುಂದಕ್ಕೆ ಹೋಗುತ್ತಿದ್ದೆ. ಪಾಸ್ತಾ ಬೇಯಿಸಿ, ಎರಡು ಟೊಮೆಟೊ ಹೆಚ್ಚಿ ಐದು ನಿಮಿಷ ಬಾಡಿಸಿ, ಊರಿಂದ ತಂದ ಖಾರದ ಪುಡಿ ಉದುರಿಸಿ ತಿನ್ನುತ್ತಿದ್ದೆ. ಒಂದು ಸಂಜೆ ಸಿನ್ಯೋರಾ ಏನೋ ಕೇಳಲು ಮೇಲೆ ಬಂದವರು ನನ್ನ ತಟ್ಟೆ ನೋಡಿದರು. ಮುದ್ದೆಯನ್ನು ಚಮಚದಲ್ಲಿ ತಿನ್ನುವವನನ್ನು ನಮ್ಮೂರಿನವರು ನೋಡುತ್ತಾರಲ್ಲ, ಅದೇ ನೋಟ.

ಮರುದಿನ ಬೆಳಿಗ್ಗೆ ತರಕಾರಿ ಅಂಗಡಿಗೆ ಕರೆದುಕೊಂಡು ಹೋದರು. ಕೆಂಪು ಈರುಳ್ಳಿ ಆಯಿತು, ಟೊಮೆಟೊ ಆಯಿತು, ದುಡ್ಡು ಕೊಟ್ಟಾಯಿತು. ಹೊರಡುವಾಗ ಸಿನ್ಯೋರಾ "ಓದೋರಿ" ಅಂದರು. ಅಂಗಡಿಯವನು ಒಂದು ಕ್ಯಾರೆಟ್, ಒಂದು ದಂಟು ಸೆಲರಿ, ನಾಲ್ಕು ಕಡ್ಡಿ ಪಾರ್ಸ್ಲಿ, ಒಂದಿಷ್ಟು ತುಳಸಿಯಂಥ ಬೇಸಿಲ್ ಎಲೆ ಸುತ್ತಿ ಚೀಲಕ್ಕೆ ತುರುಕಿದ. ಕಾಸು ಕೇಳಲಿಲ್ಲ. ಓದೋರಿ ಅಂದರೆ 'ವಾಸನೆಗಳು'. ನಮ್ಮಲ್ಲಿ ತರಕಾರಿಯವಳು ಕೊನೆಯಲ್ಲಿ ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಹಾಕುವ ಹಾಗೆ. ಕ್ಯಾರೆಟ್, ಸೆಲರಿ, ಪಾರ್ಸ್ಲಿ ಮೂರೂ ನಮ್ಮ ಕೊತ್ತಂಬರಿ, ಜೀರಿಗೆ, ಓಮಗಳು ಸೇರಿದ ಸಸ್ಯಕುಟುಂಬಕ್ಕೇ ಸೇರಿದವು. ಬಿಟ್ಟಿ ಹೋಗುವುದು ಆ ಮನೆತನದ ಜಾತಕದಲ್ಲೇ ಬರೆದಿರಬೇಕು.

ಸಿನ್ಯೋರಾ ಹತ್ತಿರ ಒಂದು ಮೆಜ್ಜಲೂನಾ ಇತ್ತು. ಅರ್ಧಚಂದ್ರದಂಥ ಕತ್ತಿ, ಎರಡು ತುದಿಗೂ ಮರದ ಹಿಡಿ. ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ತೂಗುತ್ತಾ ಈರುಳ್ಳಿ, ಕ್ಯಾರೆಟ್, ಸೆಲರಿ, ಪಾರ್ಸ್ಲಿಯನ್ನು ಒಟ್ಟಿಗೇ ಕೊಚ್ಚುತ್ತಿದ್ದರು. ನಾನು ಸಾಕು ಅಂದುಕೊಂಡ ಮೇಲೂ ಕೊಚ್ಚಿದರು. ಅದು ಎಷ್ಟು ಸಣ್ಣಗಾಗಬೇಕು ಎಂಬುದಕ್ಕೆ ಅವರ ಭಾಷೆಯಲ್ಲಿ ನನಗೆ ಮಾತು ಸಿಗಲಿಲ್ಲ, ನಮ್ಮದರಲ್ಲಿ ಸಿಕ್ಕಿತು: ಅಕ್ಕಿ ನುಚ್ಚಿನಷ್ಟು. ಹೀಗೆ ಕೊಚ್ಚಿದ ಹಸಿ ರಾಶಿಗೆ 'ಬತ್ತೂತೊ' ಎಂದು ಹೆಸರು. ಅದೇ ಎಣ್ಣೆಯಲ್ಲಿ ಬಾಡಿದರೆ 'ಸೊಫ್ರಿತ್ತೊ'. ಅಕ್ಕಿ ಬೆಂದರೆ ಅನ್ನವಾಗುವ ಹಾಗೆ ಒಲೆ ಹತ್ತಿದ ಕೂಡಲೇ ಹೆಸರು ಬದಲು.

ಇನ್ನು ಮುಂದಿನದು ತಾಳ್ಮೆಯ ಕೆಲಸ. ದಪ್ಪ ತಳದ ಪಾತ್ರೆ, ಧಾರಾಳ ಆಲಿವ್ ಎಣ್ಣೆ, ಸಣ್ಣ ಉರಿ. ಮೊದಲ ಹತ್ತು ನಿಮಿಷ ತರಕಾರಿ ನೀರು ಬಿಟ್ಟುಕೊಂಡು ಗಲಾಟೆ ಮಾಡುತ್ತದೆ, ಹಸಿವಾಸನೆ, ಹಬೆ. ಇಪ್ಪತ್ತಕ್ಕೆ ಸದ್ದು ಇಳಿಯುತ್ತದೆ. ಅರ್ಧ ಗಂಟೆಗೆ ರಾಶಿ ಅರ್ಧಕ್ಕೆ ಕುಗ್ಗಿ, ಕ್ಯಾರೆಟ್ಟಿನ ಕೆಂಪು ಎಣ್ಣೆಗೆ ಇಳಿದಿರುತ್ತದೆ. ನನ್ನಂಥವನು ಅಲ್ಲಿಗೇ ಟೊಮೆಟೊ ಸುರಿಯುತ್ತಿದ್ದ. ಸಿನ್ಯೋರಾ ಕೈ ಹಿಡಿದರು. ಇನ್ನೂ ಹತ್ತು ನಿಮಿಷಕ್ಕೆ ಅದು ತಳ ಹಿಡಿಯಿತು. ನಾನು ಗಾಬರಿಯಾದೆ, ನಮ್ಮಲ್ಲಿ ತಳ ಹಿಡಿಯಿತೆಂದರೆ ಅಡುಗೆ ಕೆಟ್ಟಿತು ಅಂತ. ಅವರು ಅದಕ್ಕೇ ಕಾಯುತ್ತಿದ್ದವರು. ಅರ್ಧ ಲೋಟ ಕೆಂಪು ವೈನ್ ಸುರಿದರು; ಚೊಂಯ್ ಎಂದಿತು; ಮರದ ಸೌಟಿನಿಂದ ಆ ಕಂದು ಅಂಟನ್ನೆಲ್ಲ ಕೆರೆದು ಕರಗಿಸಿದರು. ಸುಳ್ಳು ಹುಟ್ಟುವುದು ಆ ಕೆರೆತದಲ್ಲಿ. ಮಾಂಸ ಹುರಿದಾಗ ತಳದಲ್ಲಿ ಕೂರುವುದೂ ಇಂಥದೇ ಕಂದು. ಆಮೇಲೆ ಟೊಮೆಟೊ, ಉಪ್ಪು, ಒಂದು ಗಂಟೆಯ ಮೆಲುಗುದಿ.

ಓದಿದವನಲ್ಲವೇ, ನಾನು ಸುಮ್ಮನಿರಲಿಲ್ಲ. ಟೋಕಿಯೊದ ಕಿಕುನಾಯೆ ಇಕೆಡಾ ಎಂಬ ರಸಾಯನ ವಿಜ್ಞಾನಿ 1908ರಲ್ಲಿ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ತೆಗೆದು ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು, ಆ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲೂ ತುಂಬಿರುವುದು, ಅದರಲ್ಲೂ ಬೀಜದ ಸುತ್ತಲ ಲೋಳೆಯಲ್ಲಿ ಜಾಸ್ತಿ ಇರುವುದು, ನಾಲಿಗೆ ಅದನ್ನೇ ಮಾಂಸದ ಗಮ್ಮತ್ತು ಅಂದುಕೊಳ್ಳುವುದು, ಎಲ್ಲವನ್ನೂ ಒಡೆದ ಇಟಾಲಿಯನ್ನಿನಲ್ಲಿ ವಿವರಿಸಿದೆ. ಸಿನ್ಯೋರಾ ಪೂರ್ತಿ ಕೇಳಿಸಿಕೊಂಡು, ಉರಿ ಇನ್ನೂ ಸಣ್ಣ ಮಾಡು ಪ್ರೊಫೆಸ್ಸೋರೆ ಎಂದರು.

ಅವರದು ಮೆಜ್ಜಾದ್ರಿಯಾ ಕುಟುಂಬ. ಜಮೀನು ಧಣಿಯದು, ದುಡಿಮೆ ಇವರದು, ಬೆಳೆ ಅರ್ಧರ್ಧ. ಟಸ್ಕನಿಯ ಬೆಟ್ಟಗಳನ್ನು ಶತಮಾನಗಟ್ಟಲೆ ಉತ್ತದ್ದು ಹೀಗೆ. ಹೊಸದಾಗಿ ಇಂಥ ಕರಾರು ಮಾಡಿಕೊಳ್ಳಕೂಡದು ಎಂದು ಇಟಲಿ ಕಾನೂನು ಮಾಡಿದ್ದು 1964ರಲ್ಲಿ. ಅವರು ಹುಡುಗಿಯಾಗಿದ್ದಾಗ ಮನೆಯಲ್ಲಿ ಸಾಕಿದ ಕೋಳಿಯೂ ಲೆಕ್ಕದ ಪುಸ್ತಕದಲ್ಲಿತ್ತಂತೆ. ಮಾಂಸ ಹಬ್ಬಕ್ಕೆ, ಸುಗ್ಗಿಗೆ. ಮಿಕ್ಕ ದಿನ ಸುಳ್ಳು. ಶುಕ್ರವಾರ, ಮತ್ತೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ ಮಾಂಸ ಬಿಡಬೇಕಿತ್ತು. "ಇಲ್ಲದ್ದನ್ನು ಬಿಡಲು ನಮಗೆ ಕಷ್ಟವಾಗಲಿಲ್ಲ" ಎಂದು ನಕ್ಕರು.

ನಾನು ಮುಳಬಾಗಿಲು ಕಡೆಯವನು. ನಮ್ಮ ತಾತನೂ ವಾರಕ್ಕೆ ಮಾಡಿದವರೇ. 1974ರ ಭೂಸುಧಾರಣೆ ಬರುವವರೆಗೆ ಕಣದಲ್ಲಿ ರಾಶಿ ಅರ್ಧವಾಗುವುದನ್ನು ನಿಂತು ನೋಡಿದವರು. ನಮ್ಮ ಮನೆಯ ಬಾಡು ಯುಗಾದಿಯ ಮರುದಿನದ ಹೊಸತೊಡಕಿಗೆ, ಜಾತ್ರೆಗೆ, ನೆಂಟರಿಗೆ. ಮಿಕ್ಕ ದಿನ ಅಜ್ಜಿ ಏನು ಮಾಡುತ್ತಿದ್ದಳು ಎಂಬುದು ನನಗೆ ನೆನಪಾದದ್ದು ಪೀಸಾದ ಆ ಅಡುಗೆಮನೆಯಲ್ಲಿ. ಅವರೆಕಾಯಿ ಕಾಲದಲ್ಲಿ ಕಾಳು ನೆನೆಸಿ, ಹಿದುಕಿ, ಚಕ್ಕೆ ಲವಂಗ ಗಸಗಸೆ ಕೊಬ್ಬರಿ ಹುರಿದು ರುಬ್ಬಿದ ಬಾಡಿನ ಮಸಾಲೆಯನ್ನೇ ಹಾಕಿ ಸಾರು ಮಾಡುತ್ತಿದ್ದಳು. ಘಮ ಬೀದಿ ತುದಿಗೆ ಹೋಗುತ್ತಿತ್ತು. ಸ್ಕೂಲಿಂದ ಓಡಿಬಂದು ತಪ್ಪಲೆಯಲ್ಲಿ ಸೌಟು ಆಡಿಸಿ ಮೂಳೆ ಹುಡುಕಿದ್ದೇನೆ. ಅವಳು ಅದಕ್ಕೆ ಸುಳ್ಳು ಸಾರು ಅಂತ ಹೆಸರಿಡಲಿಲ್ಲ, ಅಷ್ಟೇ.

ಟೊಮೆಟೊ ವಿಷಯದಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡುವ ಅಗತ್ಯವಿಲ್ಲ ಎಂಬ ಜಂಬವಿತ್ತು. ಅಪ್ಪ ಟೊಮೆಟೊ ಬೆಳೆದವರು. ಮಂಕರಿಗಟ್ಟಲೆ ಕೋಲಾರದ ಮಾರ್ಕೆಟ್ಟಿಗೆ ಹೊತ್ತುಹಾಕಿ, ಬೆಲೆ ಬಿದ್ದ ವರ್ಷ ಗಾಡಿ ಬಾಡಿಗೆಯೂ ಹುಟ್ಟದೆ ರಸ್ತೆ ಬದಿ ಸುರಿದು ಬಂದವರು. ಅಂಥ ವಾರ ಮನೆಯಲ್ಲಿ ಮೂರು ಹೊತ್ತೂ ಟೊಮೆಟೊ. ನನ್ನ ಜಂಬ ಇಳಿದದ್ದು ಪೀಸಾದ ಇನ್ನೊಂದು ಬುಟ್ಟಿಯ ಕತೆಯಿಂದ. 1548ರ ಅಕ್ಟೋಬರ್ 31ರಂದು, ಟಸ್ಕನಿ ಆಳುತ್ತಿದ್ದ ಕೊಸಿಮೊ ದೆ ಮೆಡಿಚಿಯ ಪರಿವಾರ ಪೀಸಾದಲ್ಲಿದ್ದಾಗ, ಫ್ಲಾರೆನ್ಸ್ ಬಳಿಯ ಅವರ ತೋಟದಿಂದ ಒಂದು ಬುಟ್ಟಿ ಟೊಮೆಟೊ ಬಂತು. ಬುಟ್ಟಿ ಕ್ಷೇಮವಾಗಿ ತಲುಪಿತು ಎಂದು ಪಾರುಪತ್ತೇಗಾರ ಬರೆದ ಕಾಗದ ಉಳಿದಿದೆ. ಇಟಲಿಯಲ್ಲಿ ಟೊಮೆಟೊದ ಮೊದಮೊದಲ ದಾಖಲೆಗಳಲ್ಲಿ ಅದೊಂದು. ಮೆಕ್ಸಿಕೊದಿಂದ ಸ್ಪೇನಿನವರ ಹಡಗು ಹತ್ತಿ ಬಂದ ಹಣ್ಣು ಅಡುಗೆ ಪುಸ್ತಕ ಸೇರಲು ಮತ್ತೆ ಸುಮಾರು ನೂರೈವತ್ತು ವರ್ಷ ಹಿಡಿಯಿತು. ನೇಪಲ್ಸಿನಲ್ಲಿ 1690ರ ದಶಕದಲ್ಲಿ ಅಂತೋನಿಯೊ ಲತೀನಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ 'ಸ್ಪೇನಿನ ರೀತಿಯ ಟೊಮೆಟೊ ಸಾಸ್' ಇದೆ: ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಈರುಳ್ಳಿ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿ, ಉಪ್ಪು, ಎಣ್ಣೆ, ವಿನೆಗರ್. ವಿನೆಗರಿನ ಜಾಗದಲ್ಲಿ ಹುಣಸೆಹಣ್ಣು ಇಟ್ಟರೆ ನಮ್ಮಮ್ಮನ ಸುಟ್ಟ ಟೊಮೆಟೊ ಗೊಜ್ಜು.

ಫ್ಲಾರೆನ್ಸಿನಲ್ಲಿ ನೆಲೆಸಿದ್ದ ಪೆಲ್ಲೆಗ್ರೀನೊ ಅರ್ತೂಸಿ 1891ರಲ್ಲಿ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಅಡುಗೆ ಪುಸ್ತಕ ಇಂದಿಗೂ ಇಟಲಿಯ ಮನೆಮನೆಯಲ್ಲಿದೆ. ಟೊಮೆಟೊ ಸಾಸಿನ ಪುಟದಲ್ಲಿ ಆತ ಒಬ್ಬ ಪಾದ್ರಿಯ ಕತೆ ಹೇಳುತ್ತಾನೆ. ಊರಿನ ಎಲ್ಲರ ಮನೆ ವಿಚಾರಕ್ಕೂ ಮೂಗು ತೂರಿಸುತ್ತಿದ್ದ ಅವನಿಗೆ ಜನ ಇಟ್ಟ ಹೆಸರು 'ಟೊಮೆಟೊ ಸ್ವಾಮಿ', ಡಾನ್ ಪೊಮೊದೊರೊ. ಟೊಮೆಟೊ ಹೋಗದ ಅಡುಗೆಯಿಲ್ಲವಲ್ಲ! ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಮೆಡಿಚಿ, ಬುಟ್ಟಿ, ಪಾದ್ರಿ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಗೊರಗೊರ. "ಅಲ್ಲಿ ಕೆಜಿ ಎಷ್ಟು?" ಎಂದು ಕೇಳಿದರು.

ಹೊರಡುವ ಮುಂಚಿನ ಚಳಿಗಾಲದಲ್ಲಿ ನಾನು ಸಿನ್ಯೋರಾಗೆ ನಮ್ಮ ಸಾರು ಮಾಡಿ ಬಡಿಸಿದೆ. ಅವರೆಕಾಳು ಎಲ್ಲಿಂದ ಬರಬೇಕು? ಬೊರ್ಲೊತ್ತಿ ಎಂಬ ಚುಕ್ಕೆ ಚುಕ್ಕೆ ಕಾಳು ನೆನೆಸಿದೆ. ಟಸ್ಕನಿಯವರನ್ನು ಮಿಕ್ಕ ಇಟಲಿಯವರು 'ಕಾಳುಬಾಕರು' ಎಂದೇ ಛೇಡಿಸುತ್ತಾರೆ. ಆದರೆ ಅದನ್ನು ಒಂದೊಂದಾಗಿ ಹಿದುಕಿ ಸಿಪ್ಪೆ ತೆಗೆಯುವವರನ್ನು ಆಕೆ ಕಂಡಿರಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಕಾಳು ಟಪ್ಪೆಂದು ಹಾರುತ್ತದೆ. ಎರಡು ಒಲೆಯ ಹಿಂದೆ ಹೋದವು, ಒಂದು ಆಕೆಯ ಕನ್ನಡಕಕ್ಕೆ ಬಡಿಯಿತು. ಆಮೇಲೆ ತಾವೂ ಕೂತು ಹಿದುಕಿದರು. ಅಮ್ಮ ಕಟ್ಟಿಕೊಟ್ಟಿದ್ದ ಮಸಾಲೆ ಪುಡಿಯ ಕೊನೆಯ ಪೊಟ್ಟಣ ಮುಗಿಯಿತು. ಅನ್ನದ ಮೇಲೆ ಸಾರು ಹಾಕಿಕೊಂಡು ಒಂದು ಚಮಚ ಬಾಯಿಗಿಟ್ಟು, ಪಾತ್ರೆಯೊಳಗೆ ಇಣುಕಿ, "ಮಾಂಸ ಎಲ್ಲಿ?" ಎಂದರು.

"ಫಿಂತೊ" ಅಂದೆ.

ಅವರು ಮೇಜು ಬಡಿದು ನಕ್ಕ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಊರಿಗೆ ಹೊರಟ ದಿನ ಮೆಜ್ಜಲೂನಾವನ್ನು ಹಳೇ ಟವೆಲಿನಲ್ಲಿ ಸುತ್ತಿ ಕೊಟ್ಟರು. ಈಗ ಅದು ಬೆಂಗಳೂರಿನ ನಮ್ಮ ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ನಮ್ಮ ಮನೆಯ ಕೆಲಸದವರು ಅದರಿಂದ ತೆಂಗಿನಕಾಯಿ ಕೆರೆಯಲು ಒಮ್ಮೆ ಪ್ರಯತ್ನಿಸಿ ಕೈಬಿಟ್ಟರು.

ಮಾಂಸದ ಸಾಸಿಗಾದರೆ ಪತ್ರ ಉಂಟು. ಬೊಲೊನ್ಯಾದ ರಗೂ ಹೇಗಿರಬೇಕೆಂದು 1982ರ ಅಕ್ಟೋಬರ್ 17ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಪಾಕವಿಧಾನವನ್ನೇ ನೋಂದಾಯಿಸಿ ಇಟ್ಟಿದ್ದಾರೆ. ಸುಳ್ಳಿನದು ಎಲ್ಲೂ ರಿಜಿಸ್ಟರ್ ಆಗಿಲ್ಲ, ಹಾಗಾಗಿ ಯಾರು ಏನು ಹಾಕಿದರೂ ಕೇಳುವವರಿಲ್ಲ. ಅಣಬೆಗೆ ನನ್ನ ಅಭ್ಯಂತರವಿಲ್ಲ. ನುಚ್ಚಿನಷ್ಟೇ ಕೊಚ್ಚಿ ನೀರೆಲ್ಲ ಹೋಗುವಂತೆ ಬೇರೆಯಾಗಿ ಹುರಿದು ಹಾಕಿದರೆ ಸಾಸಿಗೆ ಮೈ ಬರುತ್ತದೆ. ಸೋಯಾ ಚೂರು ಮಾತ್ರ ಬೇಡ. ಅದು ಸುಳ್ಳಲ್ಲ, ವೇಷ. ವೈನ್ ಇಲ್ಲದ ಒಂದು ದಿನ ಜಾಣತನ ಮಾಡಿ ಹುಣಸೆ ರಸ ಹಾಕಿದೆ, ಪಾಸ್ತಾ ಪುಳಿಯೋಗರೆಯಾಯಿತು. ಅಂಥ ದಿನ ಬಿಸಿನೀರೇ ಸಾಕು. ಮೇಲೆ ಉದುರಿಸುವ ಪಾರ್ಮೆಜಾನ್ ಚೀಸಿನ ಬಗ್ಗೆ ಮಗಳಿಗೆ ನಾನೇ ಹೇಳಿದೆ: ಹಾಲನ್ನು ಹೆಪ್ಪುಗಟ್ಟಿಸಲು ಅದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕುತ್ತಾರೆ. ಮಹಜರಿನಲ್ಲಿ ಅದನ್ನು ಬಿಟ್ಟಿದ್ದಕ್ಕೆ ಕ್ಷಮಿಸಿದಳೋ ಇಲ್ಲವೋ, ತುರಿದಿಟ್ಟದ್ದನ್ನು ತಟ್ಟೆಯ ಅಂಚಿಗೆ ತಳ್ಳಿದಳು.

ಪಾಸ್ತಾದ ಲೆಕ್ಕ ಸುಲಭ. ನೂರು ಗ್ರಾಮಿಗೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು. ಬಸಿದ ನೀರನ್ನು ಸಿಂಕಿಗೆ ಸುರಿಯಬಾರದು. ಬಸ್ಸಾರಿನ ಕಟ್ಟು ಚೆಲ್ಲುವವರು ಉಂಟೇ? ಒಂದು ಸೌಟು ಗಂಜಿನೀರು ಸಾಸಿಗೆ ಬಿದ್ದರೆ ಅದು ಪಾಸ್ತಾಕ್ಕೆ ಮೆತ್ತಿಕೊಳ್ಳುತ್ತದೆ.

ಆ ದಿನ ಸಾಸ್ ಮಿಕ್ಕಿತು. ಮರುದಿನ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಫ್ರಿಜ್ಜಿನಿಂದ ಅದನ್ನು ತೆಗೆದು ಮೂಸಿ ನೋಡಿ, ಏನೂ ಹೇಳದೆ ಮುದ್ದೆಗೆ ಎಸರಿಟ್ಟಳು. "ಅಮ್ಮಾ, ಅದಕ್ಕೆ ಮುದ್ದೆನಾ?" ಎಂದು ಮಗಳು ಮುಖ ಸಿಂಡರಿಸಿದಳು. ಸಾಸ್ ಗಟ್ಟಿ; ಮುದ್ದೆಗೆ ಜಾರುವಂತಿರಬೇಕು. ಒಂದು ಲೋಟ ನೀರು ಬೆರೆಸಿ, ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿ ಕುದಿಸಿದಳು. ಮೊದಲ ತುತ್ತಿನ ಮೇಲೆ ಯಾರೂ ಮಾತಾಡಲಿಲ್ಲ. ಎರಡನೇ ಮುದ್ದೆಗೆ ಸಾರು ಸಾಲಲಿಲ್ಲ. ಮಗಳು ಎದ್ದು ಹೋಗಿ ಪಾತ್ರೆಗೆ ಬಿಸಿನೀರು ಹುಯ್ದು, ಮರದ ಸೌಟಿನಿಂದ ತಳ ಕೆರೆಯತೊಡಗಿದಳು.