ಸಿರಕ್ಯೂಸಿನ ಕಲ್ಲುಕಂಬಗಳು

ಸಿಸಿಲಿ ದ್ವೀಪದ ಪೂರ್ವತೀರದಲ್ಲಿ ಸಿರಕ್ಯೂಸ್ ಎಂಬ ಪುರಾತನ ಪಟ್ಟಣವಿರುವುದು. ಅದರ ಹಳೆಯ ಭಾಗವಾದ ಆರ್ಟೀಜಿಯವೇ ಒಂದು ಕಿರುದ್ವೀಪ. ಸೇತುವೆಯನ್ನು ದಾಟಿ ಅಲ್ಲಿಗೆ ಹೋಗಬೇಕು. ಅಲ್ಲಿಯ ದೊಡ್ಡ ಇಗರ್ಜಿಯ ಪಕ್ಕದ ಗೋಡೆಯನ್ನು ಕಂಡವರಿಗೆ ವಿಸ್ಮಯವಾಗದಿರದು. ಅರ್ಧ ಗೋಡೆಯಲ್ಲಿ ಹುದುಗಿ, ಅರ್ಧ ಹೊರಚಾಚಿ, ದಪ್ಪನಾದ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಇವು ಕ್ರಿ. ಪೂ. 5ನೆಯ ಶತಮಾನದಲ್ಲಿ ಗ್ರೀಕರು ಅಥೀನಾ ದೇವಿಗೆ ಕಟ್ಟಿದ ಗುಡಿಯ ಕಂಬಗಳು.

ಕ್ರಿ. ಪೂ. 212ರಲ್ಲಿ ರೋಮನ್ ಸೇನಾನಿ ಮಾರ್ಸೆಲ್ಲಸನು ಈ ಪಟ್ಟಣವನ್ನು ಗೆದ್ದಾಗಲೂ ಗುಡಿಯ ಸಿರಿಯನ್ನು ಮುಟ್ಟಲಿಲ್ಲವೆಂದು ವಾಗ್ಮಿಯಾದ ಸಿಸಿರೋ ಹೇಳಿರುವನು. ಯುದ್ಧದಲ್ಲಿ ಉಳಿದುದು ಶಾಂತಿಕಾಲದಲ್ಲಿ ಹೋಯಿತು. ಕ್ರಿ. ಪೂ. 73ರಲ್ಲಿ ಪ್ರಾಂತಾಧಿಕಾರಿಯಾಗಿ ಬಂದ ವೆರ್ರೆಸನು ಬಾಗಿಲುಗಳ ಚಿನ್ನವನ್ನೂ ದಂತದ ಕೆತ್ತನೆಯನ್ನೂ ಕೀಳಿಸಿದನು. ಸಿಸಿಲಿಯ ಅರಸರ ರೂಪಗಳನ್ನು ಬರೆದಿದ್ದ 27 ಚಿತ್ರಪಟಗಳನ್ನು ಒಯ್ದನು. ರೈತರ ಧಾನ್ಯಕ್ಕೂ ಉಳಿಗಾಲವಿರಲಿಲ್ಲ.

ಒಬ್ಬ ಅಧಿಕಾರಿಗೆ ಇಷ್ಟು ಧೈರ್ಯವೆಲ್ಲಿಂದ ಬಂದಿತು? ರೋಮಿನಲ್ಲಿ ಕಾನ್ಸಲ್, ಪ್ರೀಟರ್ ಮೊದಲಾದ ಪದವಿಗಳಿಗೆ ಒಂದೇ ವರ್ಷದ ಅವಧಿ. ಕ್ರಿ. ಪೂ. 326ರಲ್ಲಿ, ನೇಪಲ್ಸಿನ ಬಳಿ ಮುತ್ತಿಗೆ ಹಾಕಿದ್ದ ಪುಬ್ಲಿಲಿಯಸ್ ಫಿಲೋ ಎಂಬ ಕಾನ್ಸಲನ ವರ್ಷವು ಮುಗಿಯಿತು. ಕೆಲಸವು ನಡುವೆ ನಿಲ್ಲಬಾರದೆಂದು ‘ಕಾನ್ಸಲನಿಗೆ ಬದಲಾಗಿ’ ಎಂಬ ಹೆಸರಿನಿಂದ ಅವನ ಅಧಿಕಾರವನ್ನು ಮುಂದುವರಿಸಿದರು. ರಣರಂಗಕ್ಕಾಗಿ ಹುಟ್ಟಿದ ಈ ಉಪಾಯವೇ ಮುಂದೆ ದೂರದ ಪ್ರಾಂತಗಳನ್ನಾಳುವ ಪದ್ಧತಿಯಾಯಿತು.

ವೆರ್ರೆಸನಿಗೆ ಬದಲಾಗಿ ಬರಬೇಕಾದವನು ಬರಲಿಲ್ಲ. ಒಂದು ವರ್ಷವು ಮೂರಾಯಿತು. ಪದವಿಯಲ್ಲಿರುವವನ ಮೇಲೆ ರೋಮಿನ ನ್ಯಾಯಸ್ಥಾನದಲ್ಲಿ ಮೊಕದ್ದಮೆ ಹೂಡುವಂತಿರಲಿಲ್ಲ. ಆದುದರಿಂದ ಅವನ ಅವಧಿ ಬೆಳೆದಷ್ಟೂ ಪ್ರಜೆಗಳ ನ್ಯಾಯವು ದೂರ ಸರಿಯಿತು.

ಕೊನೆಗೆ ಕ್ರಿ. ಪೂ. 70ರಲ್ಲಿ ಸಿಸಿರೋ ಸಿಸಿಲಿಯವರ ಪಕ್ಷವನ್ನು ವಹಿಸಿದನು. ಐವತ್ತು ದಿನ ದ್ವೀಪವನ್ನೆಲ್ಲ ಸುತ್ತಿ ಲೆಕ್ಕಪತ್ರಗಳನ್ನೂ ಸಾಕ್ಷಿಗಳನ್ನೂ ಕೂಡಿಸಿದನು. ವಿಚಾರಣೆ ಮುಗಿಯುವ ಮೊದಲೇ ವೆರ್ರೆಸನು ರೋಮನ್ನು ಬಿಟ್ಟು, ಈಗಿನ ಮಾರ್ಸೇಲ್ಸ್ ಪಟ್ಟಣಕ್ಕೆ ಹೊರಟುಹೋದನು.

ಗಾಲ್ ದೇಶವನ್ನು ಹಲವು ವರ್ಷ ಆಳಿ, ಮುಂದುವರಿದ ಅಧಿಕಾರದ ಬಲವನ್ನು ಸ್ವಾನುಭವದಿಂದ ಬಲ್ಲ ಜೂಲಿಯಸ್ ಸೀಸರನೇ ಕ್ರಿ. ಪೂ. 46ರಲ್ಲಿ ಕಟ್ಟುಮಾಡಿದನು: ಪ್ರೀಟರನಾಗಿದ್ದವನಿಗೆ ಪ್ರಾಂತದಲ್ಲಿ ಒಂದು ವರ್ಷ, ಕಾನ್ಸಲನಾಗಿದ್ದವನಿಗೆ ಎರಡು.

ಕ್ರಿ. ಶ. 7ನೆಯ ಶತಮಾನದಲ್ಲಿ ಗುಡಿಯು ಇಗರ್ಜಿಯಾಯಿತು. ಚಿನ್ನದ ಬಾಗಿಲುಗಳು ಅಲ್ಲಿಲ್ಲ, ಕಂಬಗಳುಂಟು. ಆಳುವವನು ಒಳ್ಳೆಯವನಾಗಲಿ ಎಂದು ಹಾರೈಸುವುದು ಸಹಜವೇ. ಆದರೆ ಅವನು ಲೆಕ್ಕವೊಪ್ಪಿಸುವ ದಿನವು ಗೊತ್ತಾಗಿರುವುದೇ ಪ್ರಜೆಗಳಿಗೆ ನಿಜವಾದ ರಕ್ಷೆ.